ಬಹುಮಹಡಿ ಕಟ್ಟಡ ಮತ್ತು ಬೀದಿಯ ಅಂಗಡಿ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯಾರ್ಥಿಗಳಿಗೆ ಉಪಯೋಗವಾಗುವ ವಿಷಯ ಮಾತನಾಡಿ ಎಂದು ಕಾರ್ಯದರ್ಶಿಗಳು ಸೂಚಿಸಿದರು. ಪರೀಕ್ಷೆ, ಉದ್ಯೋಗ, ವಿದ್ಯಾರ್ಥಿವೇತನದ ಬಗ್ಗೆ ನನಗಿಂತ ತಿಳಿದವರು ಈ ವೇದಿಕೆಯಲ್ಲಿ ಮಾತನಾಡಿದ್ದಾರೆ. ನಿಮ್ಮ ಕಾಲೇಜು ಶುಲ್ಕ ಎಲ್ಲಿಂದ ಬರುತ್ತದೆಯೋ ಆ ಜಾಗದ ಬಗ್ಗೆ ನಾನು ಎರಡು ಮಾತು ಹೇಳಬಯಸುತ್ತೇನೆ. ನಿಮ್ಮಲ್ಲಿ ಅನೇಕರ ತಂದೆಯವರು ಚಹಾ ಅಂಗಡಿ, ಬೇಕರಿ, ಟೈಲರಿಂಗ್, ಪಂಕ್ಚರ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡವರು. ಒಂದು ದಿನ ಆ ಅಂಗಡಿಯ ಎದುರು ತಗಡಿನ ಬೇಲಿ ಏಳುತ್ತದೆ. ಕ್ರೇನ್ ಬರುತ್ತದೆ. ಮೂವತ್ತು ಅಂತಸ್ತಿನ ಆಫೀಸು ಬರುತ್ತದಂತೆ ಎಂಬ ಸುದ್ದಿ ಹಬ್ಬುತ್ತದೆ. ಇನ್ನು ವ್ಯಾಪಾರಕ್ಕೆ ಕೊರತೆಯಿಲ್ಲ ಎಂದು ಮನೆಯವರೆಲ್ಲ ಸಂತೋಷಪಡುತ್ತಾರೆ. ಈ ಸಂತೋಷ ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ನಮ್ಮ ಊರಿನ ಒಂದು ಉದಾಹರಣೆಯಿಂದಲೇ ನೋಡೋಣ.

ಮಲ್ಲೇಶ್ವರಂನ ಪಶ್ಚಿಮಕ್ಕೆ, ರಾಜಾಜಿನಗರಕ್ಕೆ ತಾಗಿಕೊಂಡಂತೆ, ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಹಿಂದೆ ಕಿರ್ಲೋಸ್ಕರ್ ಕಾರ್ಖಾನೆಯಿತ್ತು. ಆ ಸುಮಾರು 40 ಎಕರೆ ಜಾಗದಲ್ಲಿ ಈಗ ಬ್ರಿಗೇಡ್ ಗೇಟ್‌ವೇ ಬಡಾವಣೆ ಇದೆ. ಅದರೊಳಗೆ 2010ರಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್ ಎಂಬ 128 ಮೀಟರ್ ಎತ್ತರದ ಆಫೀಸು ಕಟ್ಟಡ ಎದ್ದಿತು. 2012ರಲ್ಲಿ ಓರಿಯನ್ ಮಾಲ್ ತೆರೆಯಿತು. ಹೋಟೆಲು, ಆಸ್ಪತ್ರೆ, ವಸತಿ ಸಮುಚ್ಚಯ, ಒಂದು ಕೃತಕ ಕೆರೆ, ಎಲ್ಲವೂ ಆ ಆವರಣದಲ್ಲೇ ಇವೆ.

ಕಾರ್ಖಾನೆಗೂ ಕಟ್ಟಡಕ್ಕೂ ಒಂದು ವ್ಯತ್ಯಾಸವನ್ನು ನೀವು ಗಮನಿಸಬೇಕು. ಕಾರ್ಖಾನೆಯ ಕಾರ್ಮಿಕ ಪಾಳಿ ಮುಗಿಸಿ ಗೇಟಿನಿಂದ ಹೊರಗೆ ಬಂದರೆ ನೇರವಾಗಿ ಬೀದಿಗೆ ಬರುತ್ತಾನೆ. ಅವನ ಚಹಾ, ಬೀಡಿ, ಸೈಕಲ್ ರಿಪೇರಿ, ಮಕ್ಕಳಿಗೆ ಬನ್ನು, ಎಲ್ಲವೂ ಬೀದಿಯ ವ್ಯಾಪಾರ. ಸಾಬೂನು ಕಾರ್ಖಾನೆ, ಹತ್ತಿ ಗಿರಣಿಗಳಿದ್ದ ಆ ಭಾಗದಲ್ಲಿ ಅಂಗಡಿಗಳು ಬೆಳೆದದ್ದೇ ಹಾಗೆ. ಬಹುಮಹಡಿ ಕಟ್ಟಡದ ಉದ್ಯೋಗಿಯಾದರೋ ಲಿಫ್ಟಿನಲ್ಲಿ ಇಳಿದು ಒಳಗಿನ ಕ್ಯಾಂಟೀನಿಗೆ ಹೋಗುತ್ತಾನೆ, ಇಲ್ಲವೇ ಪಕ್ಕದ ಮಾಲಿನ ಫುಡ್ ಕೋರ್ಟಿಗೆ ಹೋಗುತ್ತಾನೆ. ಸಂಜೆ ಕಂಪನಿಯ ವಾಹನ ನೆಲಮಾಳಿಗೆಯಿಂದಲೇ ಹೊರಡುತ್ತದೆ. ಸಾವಿರಾರು ಜನ ದುಡಿಯುತ್ತಾರೆ, ನಿಜ. ಅವರಲ್ಲಿ ಬೀದಿಗೆ ಇಳಿಯುವವರು ಎಷ್ಟು ಮಂದಿ ಎಂಬುದು ಮುಖ್ಯ. ಆದ್ದರಿಂದ ಅಂತಸ್ತುಗಳನ್ನು ಎಣಿಸಬೇಡಿ, ಗೇಟು ಯಾವ ಕಡೆಗಿದೆ ನೋಡಿ. ಹತ್ತಿರದ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಮೆಟ್ರೋ ನಿಲ್ದಾಣ 2014ರ ಮಾರ್ಚ್ 1ರಂದು ಆರಂಭವಾಯಿತು. ಅಲ್ಲಿಂದ ನಡೆದು ಬರುವವರ ದಾರಿಯಲ್ಲಿರುವ ಚಹಾ ಅಂಗಡಿಗೂ ಹಿಂದಿನ ಗಲ್ಲಿಯ ಚಹಾ ಅಂಗಡಿಗೂ ಒಂದೇ ಲೆಕ್ಕ ಹಾಕುವಂತಿಲ್ಲ.

ಎಲ್ಲ ಎತ್ತರದ ಕಟ್ಟಡಗಳೂ ಹೀಗೆ ಬೀದಿಗೆ ಬೆನ್ನು ತಿರುಗಿಸಿಲ್ಲ. ಮಹಾತ್ಮಾ ಗಾಂಧಿ ರಸ್ತೆಯ ಪಬ್ಲಿಕ್ ಯುಟಿಲಿಟಿ ಕಟ್ಟಡ 1973ರಷ್ಟು ಹಳೆಯದು, 25 ಅಂತಸ್ತಿನದು. ಅದರ ಕೆಳ ಅಂತಸ್ತುಗಳಲ್ಲಿ ಅಂಗಡಿಗಳಿಗೆ ಜಾಗವಿಟ್ಟರು. ದಾರಿಹೋಕ ಫುಟ್‌ಪಾತಿನಿಂದ ನೇರವಾಗಿ ಒಳಗೆ ಹೋಗಬಹುದಿತ್ತು. ಇಂದಿನ ಕಟ್ಟಡಗಳಲ್ಲಿ ಮೊದಲು ಕಾಣುವುದು ಕಾಂಪೌಂಡು, ಆಮೇಲೆ ಸೆಕ್ಯೂರಿಟಿಯವರ ಕೊಠಡಿ.

ಎರಡನೆಯ ವಿಷಯ ಬಾಡಿಗೆ. ಗಿರಾಕಿ ಬರುವ ಮೊದಲೇ ಬಾಡಿಗೆ ಏರುತ್ತದೆ. ಕಟ್ಟಡದ ಗಾಜು ಹಾಕುವ ಮೊದಲೇ ಅಂಗಡಿಯ ಮಾಲೀಕರು ಹೊಸ ಅಡ್ವಾನ್ಸ್ ಕೇಳುತ್ತಾರೆ. ಅವರದು ತಪ್ಪು ಎಂದು ನಾನು ಹೇಳುವುದಿಲ್ಲ, ಅವರಿಗೂ ಮನೆ ಮಠ ಇದೆ. ನನ್ನ ಅಬ್ಬಾ ಚಾಮರಾಜಪೇಟೆಯಲ್ಲಿ ಟೈಲರ್ ಅಂಗಡಿ ನಡೆಸುತ್ತಿದ್ದರು. ಮೂವತ್ತು ವರ್ಷ ಒಂದೇ ಅಂಗಡಿ. ಬಾಡಿಗೆ ಕೊಟ್ಟದ್ದಕ್ಕೆ ಚೀಟಿಗಳಿದ್ದವು, ಕರಾರು ಪತ್ರ ಇರಲಿಲ್ಲ. ರಸ್ತೆಯಲ್ಲಿ ದೊಡ್ಡ ವಾಣಿಜ್ಯ ಸಂಕೀರ್ಣ ಬರುತ್ತದೆಂಬ ಸುದ್ದಿ ಬಂದ ವರ್ಷವೇ ಅವರಿಗೆ ನೋಟಿಸು ಬಂತು. ಆ ಚೀಟಿಗಳನ್ನು ಕಂಬಳಿಯ ಕೆಳಗೆ ಇಟ್ಟಿದ್ದರು. ಅರ್ಧಕ್ಕೆ ಗೆದ್ದಲು ಹಿಡಿದಿತ್ತು. ಹೊಲಿಗೆ ಯಂತ್ರವನ್ನು ಮನೆಯ ನಡುಮನೆಗೆ ತಂದಿಟ್ಟ ದಿನ ಅವರು ಊಟ ಮಾಡಲಿಲ್ಲ. ನಾನು ಆಗ ಕಾನೂನು ಓದಿರಲಿಲ್ಲ. ಓದಿದ್ದು ಆಮೇಲೆ.

ಓದಿದ ಮೇಲೆ ತಿಳಿದದ್ದನ್ನು ಹೇಳುತ್ತೇನೆ, ಪುಸ್ತಕದಲ್ಲಿ ಬರೆದುಕೊಳ್ಳಿ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಬಾಡಿಗೆದಾರರಿಗೆ ದೊಡ್ಡ ಆಸರೆಯಾಗಿತ್ತು. ಅದರ ಜಾಗದಲ್ಲಿ ಕರ್ನಾಟಕ ಬಾಡಿಗೆ ಕಾಯ್ದೆ, 1999 ಬಂದಿತು. ಅದು ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಹೊಸ ಕಾಯ್ದೆಯ ರಕ್ಷಣೆ ಅಂಗಡಿಗಳ ಪೈಕಿ ಪ್ಲಿಂತ್ ಅಳತೆ 14 ಚದರ ಮೀಟರ್ ಮೀರದವುಗಳಿಗೆ ಮಾತ್ರ. ಪ್ಲಿಂತ್ ಎಂದರೆ ಗೋಡೆಯ ದಪ್ಪವೂ ಸೇರಿದ ಅಳತೆ. 10 ಅಡಿಗೆ 15 ಅಡಿ ಎಂದರೆ ಸುಮಾರು 13.9 ಚದರ ಮೀಟರ್. ಅದೇ 10ಕ್ಕೆ 16 ಆದರೆ ಸುಮಾರು 14.9. ಒಂದೇ ಒಂದು ಅಡಿಯಲ್ಲಿ ಅಂಗಡಿ ಕಾಯ್ದೆಯ ಹೊರಗೆ ಹೋಗುತ್ತದೆ. ಇದರ ಜೊತೆಗೆ ಬಾಡಿಗೆ ಮೊತ್ತದ ಮಿತಿಯೂ ಇದೆ. ಕಾಯ್ದೆಯ ಹೊರಗಿರುವ ಅಂಗಡಿಗೆ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಲಿಖಿತ ಕರಾರಿಲ್ಲದೆ ತಿಂಗಳ ಬಾಡಿಗೆಗೆ ಇರುವವರನ್ನು 15 ದಿನಗಳ ನೋಟಿಸಿನಿಂದ ಮುಕ್ತಾಯಗೊಳಿಸಬಹುದು. ಅಂಗಡಿಗೆ ನಲವತ್ತು ವರ್ಷವಾಗಿದ್ದರೂ ಅಷ್ಟೇ. ಆದರೂ ಬಲವಂತವಾಗಿ ಬೀಗ ಹಾಕುವಂತಿಲ್ಲ, ನ್ಯಾಯಾಲಯಕ್ಕೆ ಹೋಗಬೇಕು. ಇನ್ನು ನಾವೆಲ್ಲ ಮಾಡಿಕೊಳ್ಳುವ 11 ತಿಂಗಳ ಕರಾರು. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕಾದ್ದರಿಂದ, ಖರ್ಚು ತಪ್ಪಿಸಲು ಹುಟ್ಟಿದ ಪದ್ಧತಿ ಅದು. ಖರ್ಚು ಉಳಿಯುತ್ತದೆ. ಹನ್ನೆರಡನೆಯ ತಿಂಗಳಿನ ಭದ್ರತೆ ಉಳಿಯುವುದಿಲ್ಲ. ಎದುರಿಗೆ ಕಟ್ಟಡ ಏಳುತ್ತಿರುವಾಗ ಐದು ವರ್ಷದ ನೋಂದಾಯಿತ ಕರಾರು, ಅದರಲ್ಲಿ ಬಾಡಿಗೆ ವರ್ಷಕ್ಕೆ ಎಷ್ಟು ಏರಬೇಕೆಂಬ ಷರತ್ತು, ಇವೆರಡೂ ಇದ್ದ ಅಂಗಡಿ ನಿಲ್ಲುತ್ತದೆ.

ಅಂಗಡಿಯೇ ಇಲ್ಲದ ತಳ್ಳುಗಾಡಿಯವರ ಮಾತೇನು? ಅವರಿಗಾಗಿ 2014ರಲ್ಲಿ ಬೀದಿ ವ್ಯಾಪಾರಿಗಳ ಕೇಂದ್ರ ಕಾಯ್ದೆ ಬಂದಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಎಬ್ಬಿಸುವಂತಿಲ್ಲ ಎಂದು ಅದು ಹೇಳುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಪ್ರಮಾಣಪತ್ರವಿದ್ದವರು ಅದರ ಜೆರಾಕ್ಸ್ ಗಾಡಿಯಲ್ಲಿಟ್ಟು, ಮೂಲಪ್ರತಿಯನ್ನು ಮನೆಯಲ್ಲಿಡಿ. ಸಿಂಗಾಪುರದಲ್ಲಿ 1968ರ ಹೊತ್ತಿಗೆ ಬೀದಿ ವ್ಯಾಪಾರಿಗಳ ನೋಂದಣಿ ಆರಂಭಿಸಿ, 1986ರ ಹೊತ್ತಿಗೆ ಅವರನ್ನು ನೀರು, ಚರಂಡಿ ಇರುವ ಸಾರ್ವಜನಿಕ ತಿಂಡಿ ಕೇಂದ್ರಗಳಿಗೆ ಸೇರಿಸಿದರು. ಅವುಗಳಲ್ಲಿ ಕೆಲವು ಎತ್ತರದ ಆಫೀಸುಗಳ ನಡುವೆಯೇ ಇವೆ. ನಮ್ಮಲ್ಲಿ ಅಷ್ಟು ಆಗಿಲ್ಲ. ಕಾಗದ ಮಾತ್ರ ಇದೆ. ಇದ್ದಷ್ಟನ್ನು ಬಳಸೋಣ.

ಮೂರನೆಯ ವಿಷಯಕ್ಕೆ ಬಂದು ಮುಗಿಸುತ್ತೇನೆ. ಡಾ. ರಾಜ್‌ಕುಮಾರ್ ರಸ್ತೆಯ ಆ ಕಟ್ಟಡದಲ್ಲಿ ಅನೇಕ ಅಂತಸ್ತುಗಳನ್ನು ಹಿಡಿದಿದ್ದುದು ಅಮೆಜಾನ್ ಕಂಪನಿ. (ಪಕ್ಕದ ಪ್ರಾವಿಷನ್ ಸ್ಟೋರಿನ ಸಾಮಾನನ್ನೇ ಮನೆಬಾಗಿಲಿಗೆ ತಲುಪಿಸುವ ಕಂಪನಿಯ ಉದ್ಯೋಗಿಗಳೇ ಆ ಸ್ಟೋರಿನ ಗಿರಾಕಿಗಳಾಗಿದ್ದುದು ಕಾಲದ ವಿಚಿತ್ರ.) 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿದರು. ಚಹಾ ಅಂಗಡಿಯವನು ಮನೆಯಿಂದ ಚಹಾ ಮಾರುವಂತಿರಲಿಲ್ಲ. ಆಮೇಲೆ 2024ರಲ್ಲಿ, ಕಂಪನಿ ತನ್ನ ಮುಖ್ಯ ಕಚೇರಿಯನ್ನು 2025ರಿಂದ ಹಂತಹಂತವಾಗಿ ವಿಮಾನ ನಿಲ್ದಾಣದ ಕಡೆಗೆ ಸಾಗಿಸುತ್ತದೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ದೊಡ್ಡ ಬಾಡಿಗೆದಾರ ಒಂದು ತೀರ್ಮಾನದಿಂದ ಊರಿನ ಇನ್ನೊಂದು ತುದಿಗೆ ಹೋಗುತ್ತಾನೆ. ಅವನನ್ನು ನಂಬಿ ಎರಡು ಪಟ್ಟು ಬಾಡಿಗೆ ಒಪ್ಪಿಕೊಂಡ ಪಿಜಿಯವರು, ದರ್ಶಿನಿಯವರು, ಇಸ್ತ್ರಿಯವರು ಎಲ್ಲಿಗೆ ಹೋಗಬೇಕು?

ಮಲ್ಲೇಶ್ವರಂನ ಸಂಪಿಗೆ ರಸ್ತೆಯನ್ನು ನೋಡಿ. 2010ರಲ್ಲಿ ಅದರ ಒಂದು ತುದಿಯಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ಬಂದಿತು. ಎಂಟನೇ ಕ್ರಾಸಿನಲ್ಲಿ ಇಂದಿಗೂ ಹೂವು, ಬಾಳೆಲೆ, ಬಳೆ ಮಾರುತ್ತಾರೆ. ಅವರ ಗಿರಾಕಿ ಆ ಬಡಾವಣೆಯ ಮನೆಗಳವರು, ಹಬ್ಬಕ್ಕೆ ಬಂದೇ ಬರುವವರು. ನಿಮ್ಮ ತಂದೆಯವರ ಅಂಗಡಿಯಲ್ಲಿ ದಿನದ ವ್ಯಾಪಾರದಲ್ಲಿ ಎಷ್ಟು ಪಾಲು ಕಟ್ಟಡದವರದು, ಎಷ್ಟು ಓಣಿಯವರದು ಎಂದು ಒಂದು ತಿಂಗಳು ಬರೆದಿಡಿ. ಬಿ.ಕಾಂ. ಓದುತ್ತಿರುವವರಿಗೆ ಇದು ಅರ್ಧ ಗಂಟೆಯ ಕೆಲಸ. ಓಣಿಯವರ ಪಾಲು ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಬಾಡಿಗೆಯನ್ನು ಮಾತ್ರ ಒಪ್ಪಿಕೊಳ್ಳಲು ಅವರಿಗೆ ಹೇಳಿ.

ಊಟದ ನಂತರ ನಾನು ಸಂಘದ ಕಚೇರಿಯಲ್ಲಿಯೇ ಕುಳಿತಿರುತ್ತೇನೆ. ಕರಾರು ಪತ್ರ, ಬಾಡಿಗೆ ಚೀಟಿ, ಟ್ರೇಡ್ ಲೈಸೆನ್ಸ್ ಏನಿದ್ದರೂ ತನ್ನಿ, ಒಟ್ಟಿಗೆ ಕುಳಿತು ಓದೋಣ. ಅಳತೆ ಟೇಪು ನನ್ನ ಚೀಲದಲ್ಲಿದೆ, ಬೇಕಾದವರು ಒಯ್ದು ಅಂಗಡಿ ಅಳೆದು ಸಂಜೆಗೆ ಮರಳಿಸಿ.