ಮಂಗಳನ ಹಿಮದ ವಲಸೆ

ಮಂಗಳ ಗ್ರಹದ ಹಿಮದ ಕಥೆಯನ್ನು ನಾನು ಯಾವಾಗಲೂ ಇಂಗ್ಲೆಂಡಿನ ಬಾತ್ ಪಟ್ಟಣದ ಒಬ್ಬ ಸಂಗೀತಗಾರರಿಂದಲೇ ಶುರು ಮಾಡುವುದು.

ವಿಲಿಯಂ ಹರ್ಷೆಲ್ ಹಗಲೆಲ್ಲ ಸಂಗೀತ ಪಾಠ ಹೇಳುತ್ತಿದ್ದರು, ರಾತ್ರಿ ಆಕಾಶ ನೋಡುತ್ತಿದ್ದರು. ದೂರದರ್ಶಕದ ಕನ್ನಡಿಯನ್ನೂ ಕೈಯಾರೆ ಉಜ್ಜಿದವರು. ಒಮ್ಮೆ 16 ಗಂಟೆ ಕನ್ನಡಿಯಿಂದ ಕೈ ತೆಗೆಯಲೇ ಇಲ್ಲ. ತಂಗಿ ಕ್ಯಾರೊಲಿನ್ ಪಕ್ಕದಲ್ಲಿ ನಿಂತು ಬಾಯಿಗೆ ತುತ್ತಿಟ್ಟರು. ಮಂಗಳನ ಹಿಮ ಎಂದರೆ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಆ ತುತ್ತು! ಮಂಗಳನ ಧ್ರುವಗಳಲ್ಲಿ ಕಾಣುವ ಬಿಳುಪು ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಅದು ಹಿಮವೇ ಇರಬೇಕು ಎಂದು ಅವರು 1784ರಲ್ಲೇ ಬರೆದರು. ಗ್ರಹದ ಅಕ್ಷ ಎಷ್ಟು ವಾಲಿದೆ ಎಂದೂ ಅಳೆದರು: 28 ಡಿಗ್ರಿಗೆ ಸ್ವಲ್ಪ ಹೆಚ್ಚು. ಇಂದಿನ ಲೆಕ್ಕ 25.

ಈಗ 1993ಕ್ಕೆ ಬರೋಣ. ಫ್ರಾನ್ಸಿನ ಖಗೋಳವಿಜ್ಞಾನಿ ಜಾಕ್ ಲಸ್ಕರ್ ಮತ್ತು ಸಂಗಡಿಗರು ಲೆಕ್ಕ ಹಾಕಿ, ಆ 25 ಡಿಗ್ರಿ ಶಾಶ್ವತವಲ್ಲ ಎಂದರು. ಭೂಮಿಯ ವಾಲಿಕೆಯನ್ನು ಹಿಡಿದು ನಿಲ್ಲಿಸಲು ಚಂದ್ರನಿದ್ದಾನೆ. ಮಂಗಳನಿಗಿರುವುದು ಎರಡು ಪುಟ್ಟ ಉಪಗ್ರಹ, ಅವುಗಳಿಂದ ಆ ಕೆಲಸ ಆಗದು. ಹಾಗಾಗಿ ಅದರ ಅಕ್ಷ 0ಯಿಂದ 60 ಡಿಗ್ರಿವರೆಗೂ ಓಲಾಡಬಲ್ಲದು.

ಅಷ್ಟು ವಾಲಿದರೆ ಹಿಮಕ್ಕೆ ಏನಾಗುತ್ತದೆ ಎಂದು ನೋಡಲು 2006ರಲ್ಲಿ ವಿಜ್ಞಾನಿ ಫ್ರಾನ್ಸ್ವಾ ಫರ್ಜೆ ಅವರ ತಂಡ ಕಂಪ್ಯೂಟರಿನ ಮಂಗಳವನ್ನು 45 ಡಿಗ್ರಿ ವಾಲಿಸಿತು. ಬೇಸಿಗೆಯ ಬಿಸಿಲು ಧ್ರುವಕ್ಕೆ ಇನ್ನಷ್ಟು ನೇರವಾಗಿ ಬಿತ್ತು. ಹಿಮ ನೀರಾಗದೆ ಆವಿಯಾಯಿತು. ಗಾಳಿ ಆ ಆವಿಯನ್ನು ಸಮಭಾಜಕದ ಕಡೆಗೆ ಒಯ್ದು ಥಾರ್ಸಿಸ್ ಜ್ವಾಲಾಮುಖಿಗಳ ಪಶ್ಚಿಮದ ಇಳಿಜಾರು ಹತ್ತಿಸಿತು. ಮೇಲೇರಿ ತಣ್ಣಗಾದದ್ದೆಲ್ಲ ಹಿಮವಾಗಿ ಸುರಿಯಿತು. ವರ್ಷದ ಮೇಲೆ ವರ್ಷ ಬಿದ್ದ ಹಿಮ ಒತ್ತಿಕೊಂಡು ಗಡ್ಡೆಯಾಗಿ, ತನ್ನ ಭಾರಕ್ಕೆ ತಾನೇ ಜರುಗತೊಡಗಿದರೆ ಅದೇ ಹಿಮನದಿ. ಅಚ್ಚರಿಯೆಂದರೆ, ಆ ಜ್ವಾಲಾಮುಖಿಗಳಲ್ಲೊಂದಾದ ಆರ್ಸಿಯಾ ಮಾನ್ಸ್ ಪರ್ವತದ ಪಶ್ಚಿಮದಲ್ಲೇ ಹಿಮನದಿಯ ಬೀಸಣಿಗೆಯಾಕಾರದ ಅವಶೇಷ ನಿಜವಾಗಿಯೂ ಹರಡಿದೆ, ಸುಮಾರು 1,66,000 ಚದರ ಕಿಲೋಮೀಟರ್! ಅದರ ಅಂಚಿನ ಮಣ್ಣಿನ ದಿಣ್ಣೆಗಳು ಹಳೆಯ ಲಾವಾದ ಮೇಲೆ ಸಾಲುಸಾಲಾಗಿ ಹಾದುಹೋಗಿವೆ. ಕೆಳಗಿನ ಲಾವಾಕ್ಕೆ ಗೀರೂ ಬಿದ್ದಿಲ್ಲ. ಯಾಕೆಂದರೆ ನೆಲಕ್ಕೆ ಹೆಪ್ಪುಗಟ್ಟಿ ಅಂಟಿದ ಹಿಮನದಿ ನೆಲವನ್ನು ಉಜ್ಜುವುದಿಲ್ಲ.

ವಾಲಿಕೆ ಇಳಿದಾಗ ಹಿಮ ಮತ್ತೆ ಧ್ರುವಗಳಿಗೆ ಮರಳಿತು, ಪೂರ್ತಿಯಲ್ಲ. ನಡುವಿನ ಅಕ್ಷಾಂಶಗಳಲ್ಲಿ ಕಲ್ಲುಮಣ್ಣು ಹೊದ್ದು ನೂರಾರು ಮೀಟರ್ ದಪ್ಪದ ಹಿಮ ಇಂದಿಗೂ ಇದೆ ಎಂದು ಮಂಗಳನನ್ನು ಸುತ್ತುವ ನೌಕೆ ಮಾರ್ಸ್ ರೆಕನೈಸೆನ್ಸ್ ಆರ್ಬಿಟರ್‌ನ ರೇಡಾರ್ ಕಂಡುಹಿಡಿಯಿತು. 2008ರಲ್ಲಿ ಉತ್ತರ ಬಯಲಿಗಿಳಿದ ಫೀನಿಕ್ಸ್ ನೌಕೆಯ ಲೇಸರ್, ಮೋಡದಿಂದ ಹಿಮ ಬೀಳುವುದನ್ನೇ ಹಿಡಿಯಿತು.

ಅಂಟಾರ್ಕ್ಟಿಕಾದಲ್ಲಿ 3 ಕಿಲೋಮೀಟರ್ ಕೊರೆದು 8 ಲಕ್ಷ ವರ್ಷಗಳ ಹವಾಮಾನ ಓದಿದ್ದೇವೆ. ಮಂಗಳನ ಹಿಮನದಿಗೆ ಇನ್ನೂ ಒಂದು ಕೊರೆಯೂ ಇಳಿದಿಲ್ಲ. ನನಗಿರುವ ಕೊರಗು ಅದೊಂದೇ.