ಅಪ್ಪಾಜಿ ಕಾರು, ನನ್ನ ಪಾಲಿಶರ್, ಎರಡು ಭಾನುವಾರ

ಊರು ಹರಿಹರ, ಕೆಲಸ ಹಿಂಜವಡಿ, ಮನೆ ವಾಕಡ್. ಇಷ್ಟು ಹೇಳಿದ್ರೆ ಪುಣೆಯಲ್ಲಿರೋ ಕನ್ನಡದವರಿಗೆ ನನ್ನ ದಿನಚರಿ ಪೂರ್ತಿ ಗೊತ್ತಾಗಿಬಿಡುತ್ತೆ. ಹಾಗಾಗಿ ಪರಿಚಯ ಇಲ್ಲಿಗೇ ಮುಗಿಸ್ತೀನಿ. ಇವತ್ತಿನ ಮಾತು ಕಾರಿಗೆ ಮನೆಯಲ್ಲೇ ಮಷಿನ್ ಪಾಲಿಶ್ ಮಾಡೋದರ ಬಗ್ಗೆ. ಹೊಸ ಪಾಲಿಶರ್ ತಗೊಂಡೆ, ಫೋಮ್ ಪ್ಯಾಡ್ ತಗೊಂಡೆ, ಎರಡು ಭಾನುವಾರ ಸೊಸೈಟಿ ಪಾರ್ಕಿಂಗಲ್ಲಿ ಕೂತು ಪ್ರಯೋಗ ಮಾಡಿದೆ. ಕಲಿತದ್ದನ್ನ ಹೇಳ್ತೀನಿ, ಕೆಡಿಸಿಕೊಂಡದ್ದನ್ನೂ ಹೇಳ್ತೀನಿ.

ಕಾರು ನಂದಲ್ಲ, ಅಪ್ಪಾಜಿದು. 2010ರ ಕಪ್ಪು ಸ್ವಿಫ್ಟ್, ಕೆಎ 17 ನಂಬರ್. ಅವರು ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರು. ನಿವೃತ್ತಿಗೆ ಮೂರು ವರ್ಷ ಮುಂಚೆ ಸಾಲ ಮಾಡಿ ತಗೊಂಡಿದ್ದು. ಹೋದ ವರ್ಷ ಕಣ್ಣಿನ ತೊಂದರೆ ಜಾಸ್ತಿಯಾಗಿ ಡಾಕ್ಟರು ಇನ್ನು ಗಾಡಿ ಓಡಿಸಬೇಡಿ ಅಂದ್ರು. ನಾನೇ ಹೋಗಿ ಕಾರನ್ನೂ ಅವರನ್ನೂ ಒಟ್ಟಿಗೆ ಪುಣೆಗೆ ಕರ್ಕೊಂಡು ಬಂದೆ.

ಫ್ಲ್ಯಾಟಲ್ಲಿ ಅವರಿಗೆ ಮಾಡೋಕೆ ಕೆಲಸ ಏನಿದೆ ಹೇಳಿ. ಪೇಪರ್ ಓದಿದ್ರೆ ಮುಗೀತು. ದಿನಾ ಬೆಳಿಗ್ಗೆ ಆರಕ್ಕೆ ಕೆಳಗೆ ಹೋಗಿ, ಹಳೇ ಬನಿಯನ್ ಬಟ್ಟೇಲಿ ಕಾರು ಒರೆಸಿ ಬರೋರು. ಹರಿಹರದಲ್ಲಿ ಹದಿನಾಲ್ಕು ವರ್ಷ ಮಾಡಿದ್ದೂ ಅದೇ.

ಈಗ ನನ್ನ ಲೆಕ್ಕ ಕೇಳಿ. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಗಾಡಿ ಇಟ್ಕೊಂಡ್ರೆ ಅಲ್ಲಿನ ನಂಬರ್‌ಗೆ ಬದಲಾಯಿಸಬೇಕು. ಅದು ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಅಂದ್ರೆ ದಾವಣಗೆರೆಯಿಂದ ಎನ್‌ಒಸಿ ತರಬೇಕು, ಇಲ್ಲಿ ರೋಡ್ ಟ್ಯಾಕ್ಸ್ ಕಟ್ಟಬೇಕು. ಅದರ ಮೇಲೆ ಗಾಡಿಗೆ 15 ವರ್ಷ ತುಂಬ್ತಾ ಬಂದಿತ್ತು, ಆರ್‌ಸಿ ನವೀಕರಣ ಬೇರೆ. ಇದೆಲ್ಲಾ ಯಾಕೆ, ಮಾರಿಬಿಡೋಣ ಅಂತ ನಾನು ಒಳಗೊಳಗೇ ತೀರ್ಮಾನ ಮಾಡಿದ್ದೆ. ಪಾಲಿಶ್ ಮಾಡಿದ್ರೆ ಹತ್ತು ಹದಿನೈದು ಸಾವಿರ ಜಾಸ್ತಿ ಸಿಗಬಹುದು ಅನ್ನೋದಕ್ಕೇ ಮಷಿನ್ ತಗೊಂಡಿದ್ದು. ಅಪ್ಪಾಜಿಗೆ ಹೇಳಿರಲಿಲ್ಲ. ಅವರು ಮಾತ್ರ ಮಗ ನನ್ನ ಕಾರಿಗೆ ಮಷಿನ್ ತರಿಸಿದ್ದಾನೆ ಅಂತ ವಾಚ್‌ಮನ್ ಕಾಕಾನ ಹತ್ರ ಹರಕು ಮುರುಕು ಹಿಂದಿಯಲ್ಲಿ ಹೇಳ್ಕೊಂಡು ಓಡಾಡ್ತಿದ್ರು.

ಸರಿ, ಮಷಿನ್ ವಿಷಯಕ್ಕೆ ಬರೋಣ. ಪಾಲಿಶರ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ರೋಟರಿ ಒಂದೇ ಅಚ್ಚಿನ ಮೇಲೆ ಗಿರಗಿರ ತಿರುಗುತ್ತೆ. ಬೇಗ ಕೆಲಸ ಮಾಡುತ್ತೆ, ಹಾಗೇ ಬೇಗ ಬಿಸಿ ಹುಟ್ಟಿಸುತ್ತೆ. ಕೈ ಪಳಗದವರು ಹಿಡಿದ್ರೆ ಬಣ್ಣ ಸುಟ್ಟುಹೋಗಬಹುದು. ಇನ್ನೊಂದು ಡ್ಯುಯಲ್ ಆ್ಯಕ್ಷನ್. ಇದು ತಿರುಗುತ್ತಾ ತಿರುಗುತ್ತಾ ಪಕ್ಕಕ್ಕೂ ಓಲಾಡುತ್ತೆ. ಆ ಓಲಾಟದ ಅಳತೆಗೆ ಥ್ರೋ ಅಂತಾರೆ, 8, 15, 21 ಮಿಲಿಮೀಟರ್ ಹೀಗೆ ಬರುತ್ತೆ. ಜಾಸ್ತಿ ಒತ್ತಿದ್ರೆ ಇದು ತಿರುಗೋದನ್ನೇ ನಿಲ್ಲಿಸಿ ಬರೀ ನಡುಗುತ್ತೆ. ಮನೇಲಿ ಮಾಡೋರಿಗೆ ಅದೇ ರಕ್ಷಣೆ. ನಾನು ತಗೊಂಡಿದ್ದು 15 ಮಿಲಿಮೀಟರ್‌ದು.

ಪ್ಯಾಡ್ ಮೂರು ತರ. ಗಟ್ಟಿ ಫೋಮ್ ಗೀರು ತೆಗೆಯೋಕೆ, ಮಧ್ಯಮದ್ದು ಪಾಲಿಶ್‌ಗೆ, ತೀರ ಮೆದುವಾದದ್ದು ಕೊನೇ ಹೊಳಪಿಗೆ. ಒಂದು ಮಾತು ನೆನಪಿಡಿ, ಬಣ್ಣ ನೋಡಿ ಪ್ಯಾಡ್ ತಗೋಬೇಡಿ. ಒಂದು ಕಂಪನಿಯ ಹಳದಿ ಗಟ್ಟಿ ಇದ್ರೆ ಇನ್ನೊಬ್ಬರ ಹಳದಿ ಮೆದು. ಡಬ್ಬಿ ಮೇಲೆ ಬರೆದಿರೋದನ್ನ ಓದಿ, ಬೆರಳಲ್ಲಿ ಒತ್ತಿ ನೋಡಿ.

ಕೆಲಸಕ್ಕೆ ಮುಂಚೆ ಇನ್ನೊಂದು ವಿಷಯ ತಲೇಲಿರಲಿ. ಆಫೀಸಲ್ಲಿ ಪ್ರಿಂಟರ್‌ಗೆ ಹಾಕ್ತೀವಲ್ಲ ಎ4 ಹಾಳೆ, ಅದು ಸುಮಾರು 100 ಮೈಕ್ರಾನ್ ದಪ್ಪ. ಕಾರಿನ ಪ್ರೈಮರ್, ಬಣ್ಣ, ಮೇಲಿನ ಕ್ಲಿಯರ್ ಕೋಟ್ ಎಲ್ಲಾ ಸೇರಿದ್ರೂ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಅದರಲ್ಲಿ ಕ್ಲಿಯರ್ ಕೋಟ್ ಅರ್ಧಕ್ಕಿಂತ ಕಮ್ಮಿ. ನಾವು ಪಾಲಿಶ್ ಮಾಡೋದು ಅಂದ್ರೆ ಆ ಕ್ಲಿಯರ್ ಕೋಟನ್ನೇ ಒಂದೆರಡು ಮೈಕ್ರಾನ್ ತೇಯೋದು. ಗೀರಿನ ತಳದವರೆಗೂ ಸುತ್ತಲಿನ ಮೇಲ್ಮೈ ಇಳಿದಾಗ ಗೀರು ಕಾಣಲ್ಲ, ಅಷ್ಟೇ. ತೇದದ್ದು ವಾಪಸ್ ಬರಲ್ಲ. ಅದಕ್ಕೇ ವರ್ಷಕ್ಕೆ ನಾಲ್ಕು ಸಲ ಮಾಡೋ ಕೆಲಸ ಅಲ್ಲ ಇದು.

ಮೊದಲನೇ ಭಾನುವಾರ. ನಮ್ಮ ಸೊಸೈಟಿಗೆ ಟ್ಯಾಂಕರ್ ನೀರು, ಪೈಪ್ ಹಿಡಿಯೋ ಹಾಗಿಲ್ಲ. ಎರಡು ಬಕೆಟ್‌ನಲ್ಲೇ ತೊಳೆದೆ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. ಆಮೇಲೆ ಕೈಗೆ ತೆಳ್ಳಗಿನ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಬಾನೆಟ್ ಸವರಿ ನೋಡಿದೆ. ಬರಿಗೈಗೆ ನುಣ್ಣಗಿದ್ದದ್ದು ಕವರ್ ಹಾಕಿದಾಗ ರವೆ ಮೇಲೆ ಕೈ ಆಡಿಸಿದಂಗೆ ಅನಿಸ್ತು. ಆ ರವೆ ಕ್ಲೇ ಬಾರ್ ಉಜ್ಜಿದ್ರೆ ಹೋಗುತ್ತೆ. ಜೇಡಿಮಣ್ಣಿನ ಉಂಡೆ ತರ ಇರುತ್ತೆ, ಶಾಂಪೂ ನೀರು ಹಾಕ್ಕೊಂಡು ಜಾರಿಸಬೇಕು. ಕೆಳಗೆ ಬಿತ್ತೋ, ಎಸೆದುಬಿಡಿ. ನೆಲದ ಮರಳು ಅಂಟಿದ ಕ್ಲೇ ಅಂದ್ರೆ ಉಪ್ಪುಕಾಗದ ಇದ್ದಂಗೆ.

ಕರೆಂಟಿಗೆ ಕಾಮನ್ ಪಾಯಿಂಟೇ ಗತಿ. ಕಾಕಾ ಬಂದು ‘ಸಾಹೇಬ್, ಲಾಯಿಟ್ ಬಿಲ್’ ಅಂದ್ರು. ಮಷಿನ್ 900 ವ್ಯಾಟ್, ಆರು ಗಂಟೆ ಪೂರ್ತಿ ಓಡಿದ್ರೂ ಐದೂವರೆ ಯೂನಿಟ್ ದಾಟಲ್ಲ ಅಂತ ಅಪ್ಪಾಜಿ ಬಾಯಲ್ಲೇ ಲೆಕ್ಕ ಹಾಕಿದ್ರು. ಸೆಕ್ರೆಟರಿಗೆ ನೂರು ರೂಪಾಯಿ ಕೊಟ್ಟು ರಸೀದಿ ತಗೊಂಡ್ವಿ.

ಪ್ಯಾಡ್‌ಗೆ ಕಂಪೌಂಡ್ ಹಾಕಿದೆ, ಮಷಿನ್ ಎತ್ತಿ ಹಿಡಿದು ಸ್ವಿಚ್ ಒತ್ತಿದೆ. ಮದುವೆ ಮನೇಲಿ ಪನ್ನೀರು ಚಿಮುಕಿಸಿದಂಗೆ ಬಿಳಿ ಹನಿ ನಾಲ್ಕೂ ಕಡೆ. ನನ್ನ ಕನ್ನಡಕ, ಪಕ್ಕದವರ ಕಾರು, ಅಪ್ಪಾಜಿ ಪಂಚೆ, ಏನೂ ಬಿಡಲಿಲ್ಲ. ಮೊದಲು ಪ್ಯಾಡನ್ನ ಕಾರಿನ ಮೇಲೆ ಇಡಬೇಕು, ಆಮೇಲೆ ಸ್ವಿಚ್. ಎತ್ತೋ ಮುಂಚೆ ಆಫ್ ಮಾಡಬೇಕು. ಇದನ್ನ ಎಲ್ಲಾ ವೀಡಿಯೋದಲ್ಲೂ ಹೇಳ್ತಾರೆ, ನಾನು ಹತ್ತು ವೀಡಿಯೋ ನೋಡಿಯೇ ಮಾಡಿದ್ದು.

ಎರಡನೇ ತಪ್ಪು ಆತುರ. ಎರಡಡಿ ಉದ್ದ ಎರಡಡಿ ಅಗಲದ ಜಾಗ ಮಾತ್ರ ಹಿಡೀಬೇಕು. ನಾಲ್ಕೈದು ಹನಿ ಸಾಕು. ಕಮ್ಮಿ ವೇಗದಲ್ಲಿ ಹರಡಿ, ಆಮೇಲೆ ನಾಲ್ಕು ಅಥವಾ ಐದಕ್ಕೆ ಇಟ್ಟು, ಸೆಕೆಂಡಿಗೆ ಒಂದಿಂಚಿನ ಹಾಗೆ ಅಡ್ಡ ಒಂದ್ಸಲ, ಉದ್ದ ಒಂದ್ಸಲ ಸಾಗಬೇಕು. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧಭಾಗ ಮುಚ್ಚಬೇಕು. ನಾನು ನೆಲ ಒರೆಸೋ ವೇಗದಲ್ಲಿ ಆಡಿಸ್ತಿದ್ದೆ, ಜೊತೆಗೆ ಮೈಭಾರ ಹಾಕಿ ಒತ್ತುತ್ತಿದ್ದೆ. ಅರ್ಧ ಬಾನೆಟ್ ಆದ್ರೂ ಒಂದು ಗೀರೂ ಹೋಗಿಲ್ಲ. ನೋಡಿದ್ರೆ ಪ್ಯಾಡ್ ತಿರುಗ್ತಾನೇ ಇರಲಿಲ್ಲ! ಬ್ಯಾಕಿಂಗ್ ಪ್ಲೇಟ್ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೀರಿ. ಗೆರೆ ಸುತ್ತೋದು ಕಣ್ಣಿಗೆ ಕಾಣ್ತಿದ್ರೆ ಸರಿಯಾಗಿ ನಡೀತಿದೆ ಅಂತ. ಕಾಣ್ಲಿಲ್ಲ ಅಂದ್ರೆ ಒತ್ತಡ ಕಮ್ಮಿ ಮಾಡಿ, ಇಲ್ಲಾ ಪ್ಯಾಡ್ ಸೊಟ್ಟ ಆಗಿದೆಯಾ ನೋಡಿ.

ಬಿಸಿಲು, ಸೆಕೆ, ಕೈ ನೋವು. ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರೆ ಇಡೀ ಬಾನೆಟ್ ಮೇಲೆ ಜೇಡರ ಬಲೆ ತರ ಗೀರುಗಳ ಸುತ್ತು. ಅಪ್ಪಾಜಿ ಪಕ್ಕದಲ್ಲಿ ನಿಂತು, ‘ಇದೇನೋ, ಇಷ್ಟೊಂದು ಗೀರು ಎಲ್ಲಿಂದ ಬಂದ್ವು?’ ಅಂದ್ರು. ನಾನು ತಲೆ ಎತ್ತದೇ, ‘ನಿಮ್ಮ ಬಟ್ಟೆಯಿಂದಾನೇ. ಧೂಳಿನ ಮೇಲೆ ದಿನಾ ಒಣಬಟ್ಟೆ ಹಾಕಿ ತಿಕ್ಕಿದ್ರೆ ಇನ್ನೇನಾಗುತ್ತೆ? ಹದಿನಾಲ್ಕು ವರ್ಷ ತಿಕ್ಕಿ ತಿಕ್ಕಿ ನೀವೇ ಹಾಳು ಮಾಡಿದ್ದು’ ಅಂದೆ.

ಹೇಳಿದ್ದು ಸುಳ್ಳಲ್ಲ. ಸ್ವರ್ಲ್ ಮಾರ್ಕ್ಸ್ ಬರೋದೇ ಹಂಗೆ. ಆದ್ರೆ ಅವರು ಏನೂ ಮಾತಾಡಲಿಲ್ಲ. ಬಟ್ಟೆ ಮಡಚಿ ಬಕೆಟ್ ಮೇಲೆ ಇಟ್ಟು, ಲಿಫ್ಟ್ ಕಡೆ ಹೋದ್ರು. ಸೋಮವಾರ ಬೆಳಿಗ್ಗೆ ಆರಕ್ಕೆ ಕೆಳಗೆ ಹೋಗಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ನನ್ನ ಹೆಂಡತಿ, ‘ಮಾವನೋರಿಗೆ ಏನಂದ್ರಿ?’ ಅಂತ ಕೇಳಿದಳು. ನನ್ನ ಹತ್ರ ಉತ್ತರ ಇರಲಿಲ್ಲ. ಮಳೆಗಾಲದಲ್ಲಿ ನನ್ನನ್ನ ಇಂಜಿನಿಯರಿಂಗ್ ಕಾಲೇಜಿಗೆ ಬಿಟ್ಟು ಬಂದಿದ್ದೂ ಅದೇ ಕಾರು, ಮೊದಲ ಕೆಲಸಕ್ಕೆ ಪುಣೆ ಬಸ್ ಹತ್ತಿಸಿದ್ದೂ ಅದೇ. ಆ ಎರಡೂ ದಿನ ಬೆಳಿಗ್ಗೆ ಅದೇ ಬಟ್ಟೇಲಿ ಒರೆಸಿರ್ತಾರೆ.

ಎರಡನೇ ಭಾನುವಾರ ನಾನೇ ಕರೆದೆ. ‘ಅಪ್ಪಾಜಿ, ವೈರ್ ಹಿಡಿಯೋಕೆ ಒಬ್ಬರು ಬೇಕು, ಬಣ್ಣಕ್ಕೆ ತಾಗಿದ್ರೆ ಗೀರಾಗುತ್ತೆ.’ ನಿಜ ಹೇಳಬೇಕಂದ್ರೆ ವೈರನ್ನ ಹೆಗಲ ಮೇಲೆ ಹಾಕ್ಕೊಂಡ್ರೆ ಸಾಕು. ಅವರು ಬಂದ್ರು.

ಈ ಸಲ ಬುದ್ಧಿ ಬಂದಿತ್ತು. ರಬ್ಬರ್‌ಗೆ, ಕಪ್ಪು ಪ್ಲಾಸ್ಟಿಕ್‌ಗೆ, ಚೂಪಾದ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಅಂಚಲ್ಲಿ ಬಣ್ಣ ತೆಳು, ಅಲ್ಲೇ ಮೊದಲು ಹೋಗೋದು. ಪ್ಯಾಡ್ ಆರು ತಗೊಂಡಿದ್ದೆ. ಹಿಂದಿನ ವಾರ ಒಂದೇ ಪ್ಯಾಡಲ್ಲಿ ಹೊರಟು, ಅದು ಕಂಪೌಂಡ್ ಕುಡಿದು ಒದ್ದೆ ರೊಟ್ಟಿ ಆಗಿತ್ತು. ಪ್ರತಿ ಜಾಗ ಮುಗಿದ ಮೇಲೆ ಬ್ರಷ್‌ನಿಂದ ಪ್ಯಾಡ್ ಉಜ್ಜಿ, ಎರಡು ಪ್ಯಾನೆಲ್‌ಗೆ ಒಂದರಂತೆ ಬದಲಾಯಿಸಿದೆ. ಮೊದಲು ಮಧ್ಯಮ ಪ್ಯಾಡ್, ಮೆದು ಪಾಲಿಶ್‌ನಿಂದ ಒಂದು ಮೂಲೇಲಿ ಪರೀಕ್ಷೆ. ಅದರಲ್ಲೇ ಕೆಲಸ ಆದ್ರೆ ಗಟ್ಟಿಯದು ಯಾಕೆ ಬೇಕು?

ಎಡಗಡೆ ಮುಂದಿನ ಫೆಂಡರ್‌ಗೆ ಬಂದಾಗ ಪ್ಯಾಡ್ ಕಪ್ಪಾಯ್ತು. ಕ್ಲಿಯರ್ ಕೋಟ್ ಇದ್ರೆ ಪ್ಯಾಡಿಗೆ ಬಣ್ಣ ಬರಬಾರದು. ನನ್ನ ಎದೆ ಧಸಕ್ ಅಂತು, ಮಷಿನ್ ನಿಲ್ಲಿಸಿದೆ. ಅಪ್ಪಾಜಿ ನೋಡಿ, ‘ಅದು ಬ್ಯಾರೆ ಬಣ್ಣನಪ್ಪಾ. 2016ರಾಗ ಎತ್ತಿನ ಗಾಡಿ ಮೂಕಿ ಬಡಿದಿತ್ತು, ಅಲ್ಲೇ ಊರಾಗ ಹೊಡೆಸಿದ್ದೆ. ಮೇಲೇನೂ ಹಾಕ್ಲಿಲ್ಲ ಅವನು’ ಅಂದ್ರು. ಬಣ್ಣದ ದಪ್ಪ ಅಳೆಯೋ ಮೀಟರ್ ನನ್ನ ಹತ್ರ ಇಲ್ಲ. ಹಳೇ ಗಾಡಿಗೆ ಮಷಿನ್ ಹಚ್ಚೋ ಮುಂಚೆ ಅದನ್ನ ಸಾಕಿದವರನ್ನ ಕೇಳಬೇಕು ಅನ್ನೋದು ಯಾವ ವೀಡಿಯೋದಲ್ಲೂ ಇರಲಿಲ್ಲ. ಆ ಫೆಂಡರ್‌ಗೆ ಕೈಯಲ್ಲೇ ವ್ಯಾಕ್ಸ್ ಹಚ್ಚಿ ಬಿಟ್ಟೆ.

ಕೊನೆಗೆ ಬಲಗಡೆ ಬಾಗಿಲು. ಅಲ್ಲೊಂದು ಉದ್ದ ಗೆರೆ. ಉಗುರು ಆಡಿಸಿದ್ರೆ ಸಿಕ್ಕಿಹಾಕ್ಕೊಳ್ಳುತ್ತೆ. ಉಗುರಿಗೆ ಸಿಗೋ ಗೆರೆ ಪಾಲಿಶ್‌ಗೆ ಹೋಗಲ್ಲ, ಅದಕ್ಕೆ ಬಣ್ಣವೇ ಬೇಕು. ನನ್ನ ಹತ್ರ ಗ್ಲೇಜ್ ಇತ್ತು. ಇದು ಸಣ್ಣ ಗೀರುಗಳ ಒಳಗೆ ತುಂಬಿ ಮುಚ್ಚುತ್ತೆ, ದೊಡ್ಡದನ್ನೂ ಸ್ವಲ್ಪ ಮಂಕು ಮಾಡುತ್ತೆ. ನಾಲ್ಕು ಸಲ ತೊಳೆದ ಮೇಲೆ ಮತ್ತೆ ಎದ್ದು ಕಾಣುತ್ತೆ. ಅದಕ್ಕೇ ಪಾಲಿಶ್ ಆದ ಮೇಲೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ನೋಡೋದು. ಎಣ್ಣೆ ಅಂಶ ಹೋಗಿ ನಿಜವಾಗಿ ಗೀರು ಹೋಯ್ತಾ, ಮುಚ್ಚಿಕೊಂಡಿದೆಯಾ ಗೊತ್ತಾಗುತ್ತೆ.

ಗ್ಲೇಜ್ ಬಾಟಲಿ ತಿರುಗಿಸ್ತಾ ಇದ್ದೆ. ಅಪ್ಪಾಜಿ ಮೆಲ್ಲಗೆ, ‘ಮಾರಾಕೇನೋ ಇದೆಲ್ಲಾ?’ ಅಂದ್ರು.

ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. ಹೌದು ಅಂದೆ.

‘ನಂಗೆ ಗೊತ್ತಿತ್ತು. ಮಾರಬ್ಯಾಡ ಅನ್ನಲ್ಲ. ನಿಂತ ಗಾಡಿ ಕೆಡ್ತದೆ. ಆದ್ರೆ ಅದನ್ನ ಹಚ್ಚಬ್ಯಾಡ. ತಗೊಳ್ಳೋನಿಗೆ ಗೆರೆ ಕಾಣಲಿ’ ಅಂದ್ರು. ಒಂದು ನಿಮಿಷ ಬಿಟ್ಟು, ‘ನನ್ನ ಬಟ್ಟೆ ಗೀರೂ ಸ್ವಲ್ಪ ಉಳಿದಾವೆ, ಅವೂ ಇರಲಿ’ ಅಂತ ನಕ್ಕರು.

ನಾನು ತಪ್ಪಾಯ್ತು ಅಂದೆ. ಕೇಳಿಸ್ತೋ ಇಲ್ವೋ ಗೊತ್ತಿಲ್ಲ. ಹೊಸ ಮೈಕ್ರೋಫೈಬರ್ ಬಟ್ಟೆ ತಗೊಂಡು ಬಾಗಿಲ ಮೇಲಿನ ಪಾಲಿಶ್ ಪುಡಿ ಒರೆಸೋಕೆ ಶುರು ಮಾಡಿದ್ರು.

ಆ ರಾತ್ರಿ ತಂಗಿಗೆ ಫೋನ್ ಮಾಡಿದೆ. ಅವಳಿರೋದು ದಾವಣಗೆರೆಯಲ್ಲಿ, ಸ್ಕೂಟರ್‌ನಲ್ಲಿ ಎರಡು ಮಕ್ಕಳನ್ನ ಶಾಲೆಗೆ ಬಿಡ್ತಾಳೆ. ಮೊದಲೇ ಕೇಳಬೇಕಿತ್ತು, ನನಗೆ ತೋಚಿರಲಿಲ್ಲ. ಗಾಡಿ ಕರ್ನಾಟಕದಲ್ಲೇ ಇದ್ರೆ ಎನ್‌ಒಸಿ ಗೋಳಿಲ್ಲ, ಹೊಸ ನಂಬರ್ ಬೇಡ. ಫಾರಂ 25 ಕೊಟ್ಟು, ಗಾಡಿ ತೋರಿಸಿ ಆರ್‌ಸಿ ನವೀಕರಿಸಿದ್ವಿ. 29, 30 ಕೊಟ್ಟು ಅವಳ ಹೆಸರಿಗೆ ಮಾಡಿದ್ವಿ. ಹತ್ತು ಹದಿನೈದು ಸಾವಿರ ಜಾಸ್ತಿ ಸಿಗೋ ನನ್ನ ಲೆಕ್ಕ ಹೋಯ್ತು, ಇಡೀ ಗಾಡಿ ದುಡ್ಡೇ ಹೋಯ್ತು. ಅಡ್ಡಿಯಿಲ್ಲ.

ಕೊನೆಯದಾಗಿ ಎರಡು ಮಾತು. ಪ್ಯಾಡನ್ನ ಅವತ್ತೇ ಸೋಪು ನೀರಲ್ಲಿ ಕೈಯಿಂದ ಹಿಂಡಿ ತೊಳೆದು ನೆರಳಲ್ಲಿ ಒಣಗಿಸಿ, ಕಂಪೌಂಡ್ ಒಣಗಿದ್ರೆ ಪ್ಯಾಡ್ ಸತ್ತಂಗೆ. ಪಾಲಿಶ್ ಆದ ಮೇಲೆ ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚಲೇಬೇಕು, ಪಾಲಿಶ್ ರಕ್ಷಣೆ ಕೊಡಲ್ಲ. ಮತ್ತೆ ಧೂಳಿನ ಮೇಲೆ ಒಣಬಟ್ಟೆ ಮಾತ್ರ ಬೇಡ. ಊರಲ್ಲಿ ಹಿರಿಯರು ಒರೆಸ್ತಿದ್ರೆ, ಒಂದು ಒಳ್ಳೇ ಮೈಕ್ರೋಫೈಬರ್ ಬಟ್ಟೆ, ಒಂದು ಶಾಂಪೂ ಕೊಟ್ಟು ಬನ್ನಿ. ಭಾಷಣ ಬೇಡ.

ಅಪ್ಪಾಜಿ ಈಗ ಹರಿಹರದಲ್ಲಿದ್ದಾರೆ. ಪ್ರತಿ ಶನಿವಾರ ತಂಗಿ ಕಾರು ತಗೊಂಡು ಬರ್ತಾಳೆ. ಹೋದ ವಾರ ಅವಳು ಫೋನ್ ಮಾಡಿ ದೂರು ಹೇಳಿದಳು: ‘ಅಣ್ಣಾ, ಗಾಜಿನ ಮೇಲಿನ ಧೂಳು ಸೆರಗಲ್ಲಿ ಒರೆಸಿದೆ ಅಂತ ಅಪ್ಪಾಜಿ ಅರ್ಧ ಗಂಟೆ ಪಾಠ ಮಾಡಿದ್ರು. ಕ್ಲಿಯರ್ ಕೋಟ್ ಅಂತೆ, ಮೈಕ್ರಾನ್ ಅಂತೆ. ಇದೆಲ್ಲಾ ಯಾರು ಹೇಳಿಕೊಟ್ರು ಅವರಿಗೆ?’