ಬಿದ್ದರೂ ಬಿಡದ ಜೋಡಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರುತ್ತೀರಿ. ನಾನು ಇಬ್ಬರು ಹಾಸ್ಯನಟರ ಬಗ್ಗೆ ಹೇಳುತ್ತೇನೆ. ಒಬ್ಬ ದಪ್ಪ, ಒಬ್ಬ ಸಣಕಲ, ಇಬ್ಬರ ತಲೆಯ ಮೇಲೂ ಗುಂಡು ಟೋಪಿ. ಅಂಥ ಇಬ್ಬರು ಜೊತೆಯಾಗಿ ಬಂದರೆ ನಾವು ಈಗಲೂ "ಲಾರೆಲ್ ಹಾರ್ಡಿ ಬಂದರು ನೋಡು" ಎನ್ನುತ್ತೇವೆ.

ಸಣಕಲ ಸ್ಟ್ಯಾನ್ ಲಾರೆಲ್ ಹುಟ್ಟಿದ್ದು 1890ರಲ್ಲಿ, ಇಂಗ್ಲೆಂಡಿನಲ್ಲಿ. ದಪ್ಪ ಆಲಿವರ್ ಹಾರ್ಡಿ 1892ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ. ಹಾಲ್ ರೋಚ್ ಅವರ ಸ್ಟುಡಿಯೋದಲ್ಲಿ 1927ರ ಹೊತ್ತಿಗೆ ಇಬ್ಬರೂ ಜೋಡಿಯಾದರು. ಸಿನಿಮಾಕ್ಕೆ ಮಾತು ಬಂದಾಗ ಎಷ್ಟೋ ಮೂಕಿ ನಟರು ಮೂಲೆಗೆ ಸರಿದರು; ಇವರು ಉಳಿದುಕೊಂಡರು. ಚಿಕ್ಕವು, ದೊಡ್ಡವು ಸೇರಿ ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಜೊತೆಯಾಗಿ ಕಾಣಿಸಿಕೊಂಡರು.

ಅವುಗಳಲ್ಲಿ ಒಂದು, 1932ರ 'ದಿ ಮ್ಯೂಸಿಕ್ ಬಾಕ್ಸ್'. ಅರ್ಧ ಗಂಟೆಯ ಈ ಚಿತ್ರಕ್ಕೆ ಆಸ್ಕರ್ ಬಂತು. ಕಥೆ ಇಷ್ಟೇ: ಗುಡ್ಡದ ಮೇಲಿನ ಮನೆಗೆ ಒಂದು ಪಿಯಾನೊ ಸಾಗಿಸಬೇಕು. ಮುಂದೆ ಕಡಿದಾದ ಉದ್ದನೆಯ ಮೆಟ್ಟಿಲು. ಅರ್ಧ ಏರುತ್ತಾರೆ, ಪೆಟ್ಟಿಗೆ ಜಾರಿ ಕೆಳಗೆ ಹೋಗುತ್ತದೆ. ಮತ್ತೆ ಏರುತ್ತಾರೆ, ಮತ್ತೆ ಜಾರುತ್ತದೆ. ಕೊನೆಗೆ ಹೇಗೋ ಮೇಲೆ ತಲುಪಿದಾಗ ಅಂಚೆಯವನೊಬ್ಬ ಹೇಳುತ್ತಾನೆ, ಗಾಡಿ ಬರುವ ರಸ್ತೆ ಆ ಕಡೆಯಿಂದ ಇತ್ತಲ್ಲ ಎಂದು. ಇವರು ಏನು ಮಾಡುತ್ತಾರೆ ಗೊತ್ತೇ? ಪಿಯಾನೊವನ್ನು ಮತ್ತೆ ಕೆಳಗಿಳಿಸಿ, ಕುದುರೆಗಾಡಿಗೆ ಹೇರಿಕೊಂಡು, ರಸ್ತೆಯಿಂದ ಮೇಲೆ ಬರುತ್ತಾರೆ! ನಮ್ಮ ಸಾಫ್ಟ್‌ವೇರ್ ಕಚೇರಿಗಳಲ್ಲೂ ಇಂಥದ್ದು ನಡೆಯುವುದುಂಟು. ಅದಕ್ಕೇ ನನಗೆ ನಗು ಸ್ವಲ್ಪ ಜಾಸ್ತಿ ಬರುತ್ತದೆ.

ಬೀಳುವುದನ್ನು ತೋರಿಸಿ ನಗಿಸಿದವರು ಬಹಳ ಮಂದಿ. ಆದರೆ ಇವರಿಗೆ ಅವಸರವಿಲ್ಲ. ಪೆಟ್ಟಿಗೆ ಜಾರುತ್ತದೆ ಎಂದು ನಮಗೆ ಮೊದಲೇ ಗೊತ್ತಾಗುವಂತೆ ಮಾಡಿ, ಕಾಯಿಸಿ, ಆಮೇಲೆ ಬೀಳಿಸುತ್ತಾರೆ. ಬಿದ್ದ ಹಾರ್ಡಿ ನೇರವಾಗಿ ನಮ್ಮನ್ನೇ ನೋಡುತ್ತಾನೆ, ನನ್ನ ಗತಿ ನೋಡಿದಿರಾ ಎಂಬಂತೆ. ಲಾರೆಲ್ ತಲೆ ಕೆರೆದುಕೊಂಡು ಅಳುಮುಖ ಮಾಡುತ್ತಾನೆ. ಇದಕ್ಕೆ ಭಾಷೆ ಬೇಕಿಲ್ಲ. ಇಂಗ್ಲಿಷ್ ಬಾರದ ಮಗುವೂ ನಗುತ್ತದೆ.

ಇನ್ನೂ ಒಂದು ಕಾರಣವಿದೆ. ಇವರ ಕೆಲಸ ಕೈಗೂಡುವುದೇ ಅಪರೂಪ. ಒಬ್ಬರನ್ನೊಬ್ಬರು ಬೈಯುತ್ತಾರೆ, ತಳ್ಳುತ್ತಾರೆ. ಆದರೂ ಮುಂದಿನ ಚಿತ್ರದಲ್ಲಿ ಮತ್ತೆ ಜೊತೆಗೇ ಇರುತ್ತಾರೆ. ನಿನ್ನಿಂದಲೇ ಎಲ್ಲ ಕೆಟ್ಟಿತು ಎಂದು ರೇಗುವ ಹಾರ್ಡಿಗೂ ಲಾರೆಲ್ ಬೇಕೇ ಬೇಕು.

ತೆರೆಯ ಹಿಂದೆ ಲೆಕ್ಕ ತಿರುಗುಮುರುಗು. ಪೆದ್ದನಂತೆ ಕಾಣುತ್ತಿದ್ದ ಲಾರೆಲ್ಲೇ ಹಾಸ್ಯದ ಸನ್ನಿವೇಶಗಳನ್ನು ಹೆಣೆಯುತ್ತಿದ್ದವರು, ಸಂಕಲನದವರೆಗೂ ನಿಲ್ಲುತ್ತಿದ್ದವರು. ಅವರ ಸಂಬಳವೂ ಹೆಚ್ಚಿತ್ತು. ಹಾರ್ಡಿ ಅದಕ್ಕೆ ಹೊಟ್ಟೆಕಿಚ್ಚು ಪಡಲಿಲ್ಲ. ತಮ್ಮ ಪಾತ್ರ ಮುಗಿಸಿ ಗಾಲ್ಫ್ ಆಡಲು ಹೋಗುತ್ತಿದ್ದರು. 1957ರಲ್ಲಿ ಹಾರ್ಡಿ ತೀರಿಕೊಂಡರು. ಅನಾರೋಗ್ಯದಿಂದ ಲಾರೆಲ್ ಅಂತ್ಯಕ್ರಿಯೆಗೂ ಹೋಗಲಾಗಲಿಲ್ಲ. ಆಮೇಲೆ 1965ರವರೆಗೆ ಬದುಕಿದ್ದರೂ ಅವರು ಮತ್ತೆ ನಟಿಸಲೇ ಇಲ್ಲ.

ಮಕ್ಕಳೇ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಒಂದೇ ಬೆಂಚಿನ ಇಬ್ಬರು ದೂರವಾಗಿಬಿಡುತ್ತಾರೆ. ಪಾಸಾದವನಿಗೆ ಏನು ಮಾತಾಡಬೇಕೋ ತಿಳಿಯದು, ಫೇಲಾದವನಿಗೆ ಮುಖ ತೋರಿಸಲು ನಾಚಿಕೆ. ನಮ್ಮ ಬ್ಯಾಚಿನಲ್ಲೂ ಹಾಗೆ ದೂರವಾದವರಿದ್ದಾರೆ. ಕೆಲವರು ಈ ಸಮಾರಂಭಕ್ಕೂ ಬಂದಿಲ್ಲ. ಪರೀಕ್ಷೆಯನ್ನು ಮತ್ತೆ ಬರೆಯಬಹುದು. ಆ ದಿನ ಗೆಳೆಯನ ಮನೆಗೆ ಹೋಗದಿದ್ದರೆ, ಹೋಗಲು ಆ ದಿನ ಮತ್ತೆ ಸಿಗುವುದಿಲ್ಲ. ನನ್ನ ಬ್ಯಾಚಿನವರಿಗೂ ಒಂದು ಮಾತು: ಬಾರದವರ ಮನೆಗೆ ಇವತ್ತು ಸಂಜೆ ನಾವೇ ಹೋಗೋಣ.